ಹದಿಮೂರನೆಯ ಅಧ್ಯಾಯದ ತೂಕ

ಸೋಮವಾರ, ಸೆಪ್ಟೆಂಬರ್ 4

ನಾನು ಪ್ರಕಟಿಸುತ್ತಿರುವ, ಸಿಗಿತ್ ಬರೆದ ಕಾದಂಬರಿಗೆ ಒಂದೇ ವಿಳಾಸದಿಂದ ಇನ್ನೂರು ಪ್ರತಿಗಳ ಮುಂಗಡ ಆರ್ಡರ್ ಬಂದಿದೆ. ಮೊದಲು ನೋಡಿದ್ದು ನನ್ನ ಗಂಡ ಪ್ರಿಹ್. ಬೆಳಿಗ್ಗೆ ನನ್ನ ಫೋನು ಚಾರ್ಜಿಗೆ ಹಾಕಲು ಹೋದವರು ಹಾಗೆಯೇ ಅಡುಗೆಮನೆಗೆ ಬಂದು ಪರದೆ ತೋರಿಸಿದರು. ಹಣ ಪೂರ್ತಿ ಪಾವತಿಯಾಗಿದೆ, ರಿಯಾಯಿತಿ ಕೇಳಿಲ್ಲ. ಹೆಸರಿನ ಜಾಗದಲ್ಲಿ 'ಎಚ್ ಕುಟುಂಬ' ಎಂದಷ್ಟೇ ಇದೆ. ವಿಳಾಸ ಕಾಲಿರೆಜೊ, ಇಲ್ಲಿಂದ ಎರಡು ತಾಸು ದೂರದ ಊರು.

ಕಾದಂಬರಿ ನಡೆಯುವುದೇ ಕಾಲಿರೆಜೊದಲ್ಲಿ. ಅಲ್ಲಿನ ಸಕ್ಕರೆ ಕಾರ್ಖಾನೆ ಮುಚ್ಚಿ ಬಹಳ ವರ್ಷವಾಯಿತು. ಮುಚ್ಚುವ ಮುಂಚೆ ಒಂದು ಕಬ್ಬು ಅರೆಯುವ ಹಂಗಾಮಿನಲ್ಲಿ ಬಾಯ್ಲರ್ ಸಿಡಿದು ನಾಲ್ವರು ಸತ್ತಿದ್ದರು. ತಪ್ಪು ಆ ನಾಲ್ವರಲ್ಲೊಬ್ಬನಾದ ಬಾಯ್ಲರ್ ಕಾಯುವವನದು ಎಂದು ವರದಿಯಾಯಿತು. ಆ ಬಾಯ್ಲರ್ ಕಾಯುವವನ ಮಗ ಸಿಗಿತ್. ಆವಿ ಬಿಡುವ ಕವಾಟ ಕೆಟ್ಟಿದೆ ಎಂದು ಗೊತ್ತಿದ್ದೂ ಯಂತ್ರ ವಿಭಾಗದ ಮುಖ್ಯಸ್ಥರು ಮೂರು ದಿನ ಓಡಿಸಿರೆಂದು ಆಜ್ಞೆ ಕೊಟ್ಟದ್ದು ಹದಿಮೂರನೆಯ ಅಧ್ಯಾಯದಲ್ಲಿ ಬರುತ್ತದೆ. ಕಾದಂಬರಿಯಲ್ಲಿ ಅವರ ಹೆಸರು ಬ್ರೊತೊ. ನಿಜವಾದ ಹೆಸರು ಹರ್ಸೊಯೊ ಎಂಬುದು ಆ ಊರಿನ ಯಾರಿಗೂ ಗೊತ್ತಾಗುವಂತಿದೆ. ಹದಿಮೂರನೆಯ ಅಧ್ಯಾಯ ಓದಿದ ಮೇಲೆಯೇ ನಾನು ಈ ಹಸ್ತಪ್ರತಿಗೆ ಒಪ್ಪಿಕೊಂಡದ್ದು. ಅದೇ ಈ ಪುಸ್ತಕದ ಜೀವ.

ನಿಯಮದ ಪ್ರಕಾರ ಇವತ್ತು ನಾನು ಸಂತೋಷಪಡಬೇಕು. ಪತ್ರಿಕೆ ಅಚ್ಚು ನಿಲ್ಲಿಸಿ, ಹತ್ತೊಂಬತ್ತು ವರ್ಷ ಜಿಲ್ಲಾ ಪುಟ ನೋಡಿಕೊಂಡಿದ್ದ ನಾನು ಮನೆಯಲ್ಲಿ ಕೂತಾಗ, ಈ 'ಸುಮುರ್ ಪ್ರಕಾಶನ' ಶುರುಮಾಡಿದ ದಿನವೇ ನಿಯಮ ಹಾಕಿಕೊಂಡಿದ್ದೆ: ಇದು ವ್ಯಾಪಾರ. ಪುಸ್ತಕಪ್ರೀತಿಯಿಂದ ಪ್ರಕಾಶನಕ್ಕಿಳಿದ ಯೋಗ್ಯಕರ್ತದ ಗೆಳೆಯರೆಲ್ಲ ಎರಡೇ ವರ್ಷಕ್ಕೆ ಬಾಗಿಲು ಹಾಕಿದ್ದನ್ನು ನೋಡಿದ್ದೇನೆ. ಹತ್ತು ದಿನ ಮುಂಗಡ ಆರ್ಡರ್ ಪಡೆಯುವುದು, ಬಂದಷ್ಟೇ ಅಚ್ಚು ಹಾಕಿಸುವುದು. ಕೊಳ್ಳುವವರು ಯಾರು, ಏಕೆ ಕೊಳ್ಳುತ್ತಾರೆ ಎಂದು ಕೇಳಬಾರದು.

ಪ್ರಿಹ್ ಬೆಕ್ಕಿಗೆ ಮೀನಿನ ತಲೆ ಹಾಕುತ್ತ ಹೇಳಿದರು, "ಒಂದೇ ಪುಸ್ತಕ ಇನ್ನೂರು ಕೊಳ್ಳೋರು ಎರಡೇ ಥರ. ಒಂದು ಹಂಚೋರು, ಇನ್ನೊಂದು ಸುಡೋರು."

ತಮಾಷೆಗೆ ಹೇಳಿದ್ದು. ಆಮೇಲೆ ಗಂಜಿ ಕುಡಿದು ಪಾಠ ಮಾಡಲು ತಾಂತ್ರಿಕ ಶಾಲೆಗೆ ಹೋದರು. ನನಗೆ ಗಂಜಿ ಸೇರಲಿಲ್ಲ.

ಗುರುವಾರ, ಸೆಪ್ಟೆಂಬರ್ 7

ಹರ್ಸೊಯೊ ಅವರ ಇಬ್ಬರು ಗಂಡುಮಕ್ಕಳು ಮನೆಗೆ ಬಂದಿದ್ದರು. ದೊಡ್ಡವರು ವಿದಗ್ದೊ, ಜಿಲ್ಲಾ ಕಚೇರಿಯಲ್ಲಿ ದೊಡ್ಡ ಹುದ್ದೆ. ಚಿಕ್ಕವರು ಹೆಸ್ತು, ಏನು ಕೆಲಸವೋ ಹೇಳಲಿಲ್ಲ. ಇಬ್ಬರೂ ಬಾತಿಕ್ ಅಂಗಿ ತೊಟ್ಟು, ಒಂದು ಗೊನೆ ಬಾಳೆಹಣ್ಣು ತಂದಿದ್ದರು. ನಾಲ್ಕು ಗಂಟೆಗೆ ಬಂದವರು ಐದಕ್ಕೆ ಎದ್ದರು.

ಮೊದಲು ಹವೆಯ ಮಾತಾಯಿತು. ಈ ವರ್ಷ ಬಾವಿಗಳು ಬೇಗ ಇಳಿದಿವೆ ಎಂದರು. ನನ್ನ ಅಮ್ಮನ ಮಂಡಿನೋವು ಈಗ ಹೇಗಿದೆ ಎಂದು ಕೇಳಿದರು. ಅಮ್ಮ ಇರುವುದು ನನ್ನ ತಂಗಿಯ ಮನೆಯಲ್ಲಿ, ಸೋಲೊದಲ್ಲಿ. ಮಂಡಿನೋವಿನ ವಿಷಯ ಇವರಿಗೆ ಹೇಗೆ ಗೊತ್ತಾಯಿತೋ ತಿಳಿಯಲಿಲ್ಲ. ಮಲ್ಲಿಗೆ ಚಹಾ ಚೆನ್ನಾಗಿದೆ ಎಂದರು. ಕರಿದ ಸೋಯಾ ತೆಂಪೆಯನ್ನು ಎರಡೆರಡು ತುಂಡು ತಿಂದರು.

"ನಿಮ್ಮನೆ ಹುಡುಕೋದು ಏನೂ ಕಷ್ಟ ಆಗ್ಲಿಲ್ಲ, ಬು ವೆನಿಂಗ್," ಎಂದರು ವಿದಗ್ದೊ, ನನ್ನ ಹೆಸರಿಗೆ ಮರ್ಯಾದೆಯ 'ಬು' ಸೇರಿಸಿ. "ಗಲ್ಲೀಲಿ ಯಾರನ್ನ ಕೇಳಿದ್ರೂ ತೋರಿಸ್ತಾರೆ."

ಹೊಸ ಪುಸ್ತಕದಲ್ಲಿ ಕಾರ್ಖಾನೆಯ ವಿಷಯ ಬರುತ್ತದಂತಲ್ಲ ಎಂದರು. ಬರುತ್ತದೆ ಎಂದೆ. ತಮ್ಮ ತಂದೆಯೂ ಕಾರ್ಖಾನೆಯವರೇ, ತೀರಿಕೊಂಡು ಮೂರು ವರ್ಷವಾಗುತ್ತ ಬಂತು ಎಂದರು. ಕೇಳಿ ಬೇಸರವಾಯಿತು, ದೇವರು ಅವರಿಗೆ ಒಳ್ಳೆಯ ಜಾಗ ಕೊಡಲಿ ಎಂದೆ. ಪುಸ್ತಕ ಯಾವಾಗ ಹೊರಬರುತ್ತದೆ ಎಂದು ಕೇಳಿದರು. ತಿಂಗಳ ಕೊನೆಗೆ ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹೆಸ್ತು ಅವರು ಏನೋ ಹೇಳಲು ಬಾಯಿ ತೆರೆದರು. ಅಣ್ಣ ಅವರ ಮೊಣಕಾಲಿನ ಮೇಲೆ ಕೈಯಿಟ್ಟರು.

ಹೊರಡುವಾಗ ವಿದಗ್ದೊ ಅವರು ಗೇಟಿನ ಹತ್ತಿರ ನಿಂತು ನಗುತ್ತ ಹೇಳಿದರು: "ಬರೆಯೋರು ಬರೀತಾರೆ, ಅಚ್ಚು ಹಾಕೋರು ಹಾಕ್ತಾರೆ. ನಾವು ಹೇಳೋದೇನಿದೆ. ಎಲ್ಲಾ ನಿಮ್ಮಿಷ್ಟ ಬು."

ನಾನೂ ನಕ್ಕು ಕೈಮುಗಿದೆ. ಕಾರು ಗಲ್ಲಿ ತಿರುಗುವವರೆಗೂ ನಿಂತಿದ್ದೆ.

ಶುಕ್ರವಾರ, ಸೆಪ್ಟೆಂಬರ್ 8

ನಿನ್ನೆಯ ಭೇಟಿಯನ್ನು ಸುದ್ದಿಯ ಹಾಗೆ ಬರೆದು ನೋಡಿದೆ. ಯಾರು, ಎಲ್ಲಿ, ಯಾವಾಗ, ಎಲ್ಲವೂ ಸಿಗುತ್ತದೆ. ಏಕೆ ಎಂಬಲ್ಲಿ ಖಾಲಿ.

ಜಾವಾದಲ್ಲಿ ಹುಟ್ಟಿ ಬೆಳೆದವಳಿಗೆ ಆ ಖಾಲಿ ಜಾಗ ಓದಲು ಬರಬೇಕು. ಮನೆ ಹುಡುಕುವುದು ಕಷ್ಟವಾಗಲಿಲ್ಲ ಎಂದರೆ, ನೀನು ಎಲ್ಲಿರುತ್ತೀ ಎಂದು ನಮಗೆ ಗೊತ್ತು. ಅಮ್ಮನ ಮಂಡಿನೋವು ಹೇಗಿದೆ ಎಂದರೆ, ಅವರೆಲ್ಲಿರುತ್ತಾರೆ ಎಂದೂ ಗೊತ್ತು. ಎಲ್ಲಾ ನಿಮ್ಮಿಷ್ಟ ಎಂದರೆ, ಮುಂದೆ ಆಗುವುದಕ್ಕೆಲ್ಲ ನೀನೇ ಹೊಣೆ.

'ಎಚ್ ಕುಟುಂಬ' ಯಾರೆಂದು ಈಗ ಗೊತ್ತಾಯಿತು. ಕೊಂಡು ಸುಡುತ್ತಾರೆ. ಉಳಿದದ್ದಕ್ಕೆ ಬೇರೆ ದಾರಿ ನೋಡುತ್ತಾರೆ.

ಬಾಳೆಗೊನೆ ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ. ಯಾರೂ ಮುಟ್ಟಿಲ್ಲ.

ಭಾನುವಾರ, ಸೆಪ್ಟೆಂಬರ್ 10

ಹದಿಮೂರನೆಯ ಅಧ್ಯಾಯಕ್ಕೆ ಆಧಾರ ಒಬ್ಬರೇ, ಆ ಒಬ್ಬರ ಹೆಸರನ್ನು ಹೇಳುವಂತಿಲ್ಲ. ಹೀಗೆಂದವನು ಸಿಗಿತ್, ಫೋನಿನಲ್ಲಿ.

ಅವನು ಕಾಲಿರೆಜೊದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಹಿಂದೆ ಯಂತ್ರದ ಸದ್ದು ಕೇಳುತ್ತಿತ್ತು. ಆಜ್ಞೆಯ ವಿಷಯ ಕಟ್ಟಿದ್ದೋ ನಡೆದದ್ದೋ ಎಂದು ಕೇಳಿದೆ. ನಡೆದದ್ದು ಎಂದ. ಹೇಳಿದವರು ಯಾರು? ಮಾತು ಕೊಟ್ಟಿದ್ದೇನೆ ಬು, ಎಂದ. ಇಷ್ಟನ್ನು ತುಂಬ ಮೆಲ್ಲಗೆ ಹೇಳಿದ.

ಪತ್ರಿಕೆಯಲ್ಲಿದ್ದಾಗ ಒಂದೇ ಆಧಾರದ, ಹೆಸರಿಲ್ಲದ ಸುದ್ದಿಯನ್ನು ನಾನು ಎಂದೂ ಪುಟಕ್ಕೆ ಹಾಕಿದವಳಲ್ಲ. ಕಾದಂಬರಿಗೆ ಆ ನಿಯಮ ಅನ್ವಯಿಸುವುದಿಲ್ಲ ಎಂಬುದು ಹೋದ ತಿಂಗಳವರೆಗೂ ನನಗೆ ಸ್ಪಷ್ಟವಾಗಿತ್ತು.

ಗಂಡುಮಕ್ಕಳು ಬಂದುಹೋದದ್ದನ್ನು ಅವನಿಗೆ ಹೇಳಲಿಲ್ಲ. ಸುಮ್ಮನೆ ಗಾಬರಿಪಡಿಸುವುದೇಕೆ.

ಮಂಗಳವಾರ, ಸೆಪ್ಟೆಂಬರ್ 12

ಹರ್ಸೊಯೊ ಕುಟುಂಬ ನಮ್ಮ ಮುದ್ರಣಾಲಯಕ್ಕೂ ಬಂದಿದೆ. ತಿಳಿಸಿದವರು ಮುದ್ರಕರಾದ ಜುಮೆನೊ, ಎಲ್ಲರ ಬಾಯಲ್ಲೂ ಮರ್ಯಾದೆಯ ಪಾಕ್ ಜುಮೆನೊ.

ಸುಮುರ್‌ನ ಪುಸ್ತಕಗಳೆಲ್ಲ ಅವರ ಯಂತ್ರದಲ್ಲೇ ಅಚ್ಚಾಗುವುದು. ಆದರೆ ಅವರ ಹೊಟ್ಟೆಪಾಡು ನಡೆಯುವುದು ನನ್ನಂಥವರಿಂದಲ್ಲ. ಮದುವೆಯ ಕರೆಯೋಲೆ, ಮತ್ತೆ ಸತ್ತವರ ನಲವತ್ತು, ನೂರು, ಸಾವಿರದ ದಿನಗಳಲ್ಲಿ ಬಂದವರಿಗೆ ಹಂಚುವ ಯಾಸಿನ್ ಪ್ರಾರ್ಥನೆಯ ಕಿರುಪುಸ್ತಕ. ರಟ್ಟಿನ ಮೇಲೆ ಸತ್ತವರ ಫೋಟೊ, ಬಂಗಾರದ ಅಕ್ಷರ. ನನ್ನ ಕಾದಂಬರಿಗಳು ಆ ಕೆಲಸಗಳ ನಡುವೆ ಬಿಡುವಾದಾಗ ಯಂತ್ರ ಹತ್ತುತ್ತವೆ. ನನಗೆ ಅಗ್ಗವಾಗುವುದೂ ಅದರಿಂದಲೇ.

ಮೇಜಿನ ಮೇಲೆ ಹೊಸ ಯಾಸಿನ್‌ನ ರಟ್ಟು ಇತ್ತು. ದಪ್ಪ ಕನ್ನಡಕದ, ತೆಳ್ಳಗಿನ ಮುದುಕರ ಫೋಟೊ. ಕೆಳಗೆ ಹರ್ಸೊಯೊ ಎಂಬ ಹೆಸರು. ಈ ತಿಂಗಳ ಕೊನೆಯ ಶನಿವಾರ ಸಾವಿರದ ದಿನ. ಎಷ್ಟು ಪ್ರತಿ ಎಂದು ಕೇಳಿದೆ.

"ಇನ್ನೂರು," ಎಂದರು ಪಾಕ್ ಜುಮೆನೊ. "ಯಾಕೆ ಮುಖ ಹಾಗಾಯ್ತು? ನಿಮ್ಮ ಕಾದಂಬರಿ ಹಿಂದೆ ಬೀಳಲ್ಲ ಬಿಡಿ. ಸತ್ತವ್ರು ಅವಸರ ಮಾಡಲ್ಲ."

ಅದೇ ಸಂಖ್ಯೆ. ಕಾಲಿರೆಜೊದಲ್ಲಿ ಮುದ್ರಣಾಲಯಗಳಿಲ್ಲವೇ? ಇಷ್ಟು ದೂರ, ನನ್ನ ಮುದ್ರಕರ ಹತ್ತಿರವೇ ಬಂದಿದ್ದಾರೆ. ನನ್ನ ಹಾಳೆಗಳು ಎಲ್ಲಿ ಇಡಲ್ಪಡುತ್ತವೆ ಎಂದು ನೋಡಲು ಒಂದು ನೆಪ ಬೇಕಿತ್ತು, ಅಷ್ಟೆ. ನೋಡಿಕೊಂಡು ಹೋಗಿದ್ದಾರೆ.

ಪಾಕ್ ಜುಮೆನೊಗೆ ಏನೂ ಹೇಳಲಿಲ್ಲ. ಬರುವಾಗ ದೊಡ್ಡ ರಸ್ತೆ ಬಿಟ್ಟು ಹೊಲದ ದಾರಿಯಲ್ಲಿ ಬಂದೆ.

ಬುಧವಾರ, ಸೆಪ್ಟೆಂಬರ್ 13

ಗೇಟಿಗೆ ಹೊಸ ಬೀಗ ಹಾಕಿಸಿದೆ. ತಂಗಿಗೆ ಫೋನು ಮಾಡಿ, ಅಪರಿಚಿತರು ಬಂದರೆ ಅಮ್ಮನನ್ನು ಹೊರಗೆ ಬಿಡಬೇಡ ಎಂದೆ. ಅಮ್ಮನಿಗೆ ಮಂಡಿನೋವಲ್ಲವೇ, ಎಲ್ಲಿ ಹೋಗುತ್ತಾರೆ ಎಂದು ಅವಳು ನಕ್ಕಳು. ನೀನೇ ಎಲ್ಲರೆದುರೂ ಹೇಳಿಕೊಂಡು ಬರುತ್ತೀಯಲ್ಲ, ನಿನ್ನ ಇನ್‌ಸ್ಟಾಗ್ರಾಮಿನಲ್ಲಿ ಅಮ್ಮನ ಮಂಡಿಗೆ ಎಣ್ಣೆ ಹಚ್ಚುವ ಫೋಟೊ ಹಾಕಿದ್ದೆಯಲ್ಲ, ಎಂದಳು. ಫೋಟೊ ತೆಗೆದುಹಾಕಿದೆ.

ಶುಕ್ರವಾರ, ಸೆಪ್ಟೆಂಬರ್ 15

ಪುಸ್ತಕ ಹದಿನಾರು ಪುಟ ಕಡಿಮೆಯಾಗಲಿದೆ. ನಿರ್ಧಾರ ನನ್ನದು. ಕಾರಣ ತೂಕ.

ಈಗಿರುವಂತೆ ಮೂರು ಪ್ರತಿ ಕಟ್ಟಿದರೆ ಕೊರಿಯರ್‌ನವರ ಒಂದು ಕಿಲೋ ಮಿತಿ ಸ್ವಲ್ಪದರಲ್ಲಿ ದಾಟುತ್ತದೆ. ಒಂದು ಫಾರಂ, ಅಂದರೆ ಹದಿನಾರು ಪುಟ, ಕಳೆದರೆ ದಾಟುವುದಿಲ್ಲ. ಹದಿಮೂರನೆಯ ಅಧ್ಯಾಯ ಹೊಸ ಫಾರಂನ ಮೊದಲ ಪುಟದಲ್ಲಿ ಶುರುವಾಗಿ ಅದರ ಕೊನೆಯ ಪುಟದಲ್ಲೇ ಮುಗಿಯುತ್ತದೆ. ಪುಟ ಕಟ್ಟಿದವಳು ನಾನೇ ಆದ್ದರಿಂದ ಗೊತ್ತು. ಎತ್ತಿ ತೆಗೆದರೆ ಹಿಂದೆ ಮುಂದೆ ಏನೂ ಕದಲುವುದಿಲ್ಲ. ಮುಂದಿನ ಅಧ್ಯಾಯಗಳ ಸಂಖ್ಯೆ, ಪುಟಸಂಖ್ಯೆ ಸರಿಪಡಿಸಿದರೆ ಆಯಿತು. ಓದುವವರಿಗೆ ಬಾಯ್ಲರ್ ಸಿಡಿದದ್ದು ತಿಳಿಯುತ್ತದೆ. ಏಕೆ ಸಿಡಿಯಿತು ಎಂಬುದನ್ನು ಊಹಿಸಿಕೊಳ್ಳುತ್ತಾರೆ. ಕಾದಂಬರಿಯಲ್ಲಿ ಎಲ್ಲವನ್ನೂ ಹೇಳಬಾರದು.

ಸಿಗಿತನನ್ನು ಕರೆಸಿ ಹೇಳಿದೆ. ಎರಡು ತಾಸು ಬೈಕಿನಲ್ಲಿ ಬಂದಿದ್ದ, ಹುಬ್ಬಿನ ಮೇಲೆಲ್ಲ ಧೂಳು. ತೂಕದ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವನು ಕಾಗದವನ್ನು ಬಹಳ ಹೊತ್ತು ನೋಡಿದ. ಚಹಾದ ಲೋಟವನ್ನು ಒಂದೇ ಸಲಕ್ಕೆ ಖಾಲಿ ಮಾಡಿ ತಟ್ಟೆಯ ಮೇಲೆ ಸರಿಯಾಗಿ ನಡುವೆ ಇಟ್ಟ.

"ನಿಮ್ಮಿಷ್ಟ ಬು," ಎಂದ.

ಒಪ್ಪಿದ್ದಾನೆ. ಇಷ್ಟು ಸುಲಭವಾಗಿ ಒಪ್ಪುತ್ತಾನೆ ಎಂದುಕೊಂಡಿರಲಿಲ್ಲ.

ಸಂಜೆ ಪ್ರಿಹ್‌ಗೆ ಹೇಳಿದೆ. ಏನೆಂದು ಒಪ್ಪಿದ ಎಂದು ಕೇಳಿದರು. ಅವನ ಮಾತನ್ನೇ ಹೇಳಿದೆ. ಪ್ರಿಹ್ ನನ್ನನ್ನೊಮ್ಮೆ ನೋಡಿ, ಪಂಜರದ ಹಕ್ಕಿಗೆ ಹುಳ ಹಾಕಲು ಎದ್ದುಹೋದರು. ಅಲ್ಲಿಂದಲೇ, "ಹೆದರಿಕೇನಾ?" ಎಂದರು. ಅಲ್ಲ, ತೂಕ ಎಂದೆ.

ಭಾನುವಾರ, ಸೆಪ್ಟೆಂಬರ್ 17

ಸಣ್ಣ ಪ್ರಕಾಶಕರ ಕೂಟದಲ್ಲಿ ಇವತ್ತು ನಾನು ಮಾತಾಡಿದೆ. ಕಾಫಿ ಅಂಗಡಿಯ ಹಿಂದಿನ ಅಂಗಳ. ಮೂವತ್ತು ಜನ ಇದ್ದಿರಬಹುದು, ಹೆಚ್ಚಿನವರು ನನ್ನ ಅರ್ಧ ವಯಸ್ಸಿನವರು. ವಿಷಯ ತಿಂಗಳ ಹಿಂದೆಯೇ ಗೊತ್ತಾಗಿತ್ತು: ಕಾದಂಬರಿಯನ್ನು ವ್ಯಾಪಾರವಾಗಿ ನೋಡುವುದು ಹೇಗೆ.

ಚೆನ್ನಾಗಿಯೇ ಆಯಿತು ಎಂದರು. ಲೇಖಕರು ಸರಕು ಕೊಡುವವರು, ಓದುಗರು ಗ್ರಾಹಕರು, ನಾವು ನಡುವಿನ ಅಂಗಡಿಯವರು ಎಂದೆ. ಅಂಗಡಿಯವರು ಸರಕನ್ನು ಪ್ರೀತಿಸಿದರೆ ಗೋದಾಮು ತುಂಬುತ್ತದೆ ಎಂದೆ. ನಕ್ಕರು. ನನ್ನ ಕಣ್ಣು ಪದೇಪದೇ ಬಾಗಿಲಿನ ಕಡೆ ಹೋಗುತ್ತಿತ್ತು. ಬಾತಿಕ್ ಅಂಗಿಯ ಒಬ್ಬರು ಒಳಬಂದಾಗ ಮಾತು ತಪ್ಪಿತು. ಅಂಗಡಿಯ ಮಾಲೀಕರು.

ಗುಂಗುರು ಕೂದಲಿನ ಒಬ್ಬ ಹುಡುಗಿ ಕೇಳಿದಳು: "ಪುಸ್ತಕದಲ್ಲಿ ಇಂಥದ್ದು ತೆಗೀರಿ ಅಂತ ಕೊಳ್ಳೋರು ಕೇಳಿದ್ರೆ ಏನ್ ಮಾಡ್ತೀರಾ ಬು?"

ನನ್ನನ್ನು ಯಾರೂ ಹಾಗೆ ಕೇಳಿಲ್ಲ ಎಂದೆ. ಅದು ನಿಜ.

ಬುಧವಾರ, ಸೆಪ್ಟೆಂಬರ್ 20

ಹಾಳೆಗಳು ಅಚ್ಚಾಗಿವೆ. ಪಾಕ್ ಜುಮೆನೊ ಫೋನು ಮಾಡಿದರು. ಮಡಿಸಿ ಜೋಡಿಸುವುದು ಶುರುವಾಗಿದೆ, ಬೈಂಡಿಂಗ್ ಬರುವ ವಾರ.

ಆಗಬೇಕಾದ ಕೆಲಸ ಮುಗಿಯಿತು, ಇನ್ನು ಅವರಿಗೆ ಸಿಟ್ಟಾಗಲು ಏನೂ ಇಲ್ಲ. ಎದೆ ಹಗುರಾಗಬೇಕಿತ್ತು. ಬದಲಿಗೆ, ತೆಗೆದದ್ದು ಅವರಿಗೆ ಗೊತ್ತಾಗುವುದಾದರೂ ಹೇಗೆ ಎಂಬ ಚಿಂತೆ ಹತ್ತಿದೆ. ಅವರು ಏನನ್ನೂ ಕೇಳಿಲ್ಲ, ನಾನು ಏನನ್ನೂ ಹೇಳುವಂತಿಲ್ಲ. ಪುಸ್ತಕ ಬಿಚ್ಚಿ ನೋಡುವ ಮೊದಲೇ ಏನಾದರೂ ಮಾಡಿಬಿಟ್ಟರೆ?

ಎರಡು ದಿನದಿಂದ ಒಂದು ಗೊತ್ತಿಲ್ಲದ ನಂಬರಿನಿಂದ ಕರೆ ಬರುತ್ತಿದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ತೆಗೆಯಲಿಲ್ಲ.

ಬಾಳೆಹಣ್ಣು ಕೊಳೆತು ನೆಲಕ್ಕೆ ಬಿದ್ದಿತ್ತು. ಎತ್ತಿ ಬಿಸಾಡಿದೆ.

ಶನಿವಾರ, ಸೆಪ್ಟೆಂಬರ್ 23

ಇನ್ನೂರು ಪ್ರತಿಗಳ ಆರ್ಡರ್ ಕೊಟ್ಟದ್ದು ಹರ್ಸೊಯೊ ಅವರ ಹೆಂಡತಿ, ಇಬು ಮುರ್ತಿನಿ. ಇದನ್ನು ಹೇಳಿದವರು ಅವರೇ. ಬೆಳಿಗ್ಗೆ ಹತ್ತಕ್ಕೆ ಬಾಡಿಗೆ ಕಾರಿನಲ್ಲಿ ಒಬ್ಬರೇ ಬಂದಿದ್ದರು. ಆ ನಂಬರೂ ಅವರದೇ.

ಗೇಟಿನ ಹೊರಗೆ ನಿಂತದ್ದು ಎಂಬತ್ತರ ಹತ್ತಿರದ, ಗಿಡ್ಡನೆಯ ಹೆಂಗಸು. ಹಳೆಯ ಕಾಲದ ಕೆಬಾಯ ರವಿಕೆ, ಕಂಕುಳಲ್ಲಿ ಪರ್ಸು. ಹೆಸರು ಹೇಳಿದ ಮೇಲೆ ಹೊಸ ಬೀಗ ತೆಗೆದು ಒಳಗೆ ಕರೆದೆ. ಕಳ್ಳರ ಕಾಟವೇ ಎಂದು ಕೇಳಿದರು. ಹೌದು ಎಂದೆ.

ಕೂತು ಸುಧಾರಿಸಿಕೊಂಡ ಮೇಲೆ ನೇರವಾಗಿ ಕೇಳಿದರು. ಕಣ್ಣಿಗೆ ಪೊರೆ ಬಂದಿದೆ, ಓದಲು ಆಗುವುದಿಲ್ಲ, ತನ್ನ ಗಂಡನ ಭಾಗವನ್ನು ಓದಿ ಹೇಳಬೇಕು. ಮನೆಯಲ್ಲಿ ಮಕ್ಕಳ ಬಾಯಲ್ಲಿ ಓದಿಸಲು ಆಗುವಂಥದ್ದಲ್ಲ.

ಜಾವಾದ ಹೆಂಗಸೊಬ್ಬರು ನನ್ನ ಮನೆಯಲ್ಲಿ ಕೂತು ಇಷ್ಟು ನೇರವಾಗಿ ಏನನ್ನಾದರೂ ಕೇಳಿದ್ದು ಇದೇ ಮೊದಲು. ಆ ಭಾಗ ಈಗ ಪುಸ್ತಕದಲ್ಲಿಲ್ಲ ಎಂದು ಹೇಳಲು ನನಗೆ ಎರಡು ಲೋಟ ಚಹಾ ಹಿಡಿಯಿತು. ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ.

"ತೆಗೆದ್ರಾ?" ಎಂದರು. "ಯಾರು ಹೇಳಿದ್ರು ತೆಗೀರಿ ಅಂತ?"

ಯಾರೂ ಹೇಳಲಿಲ್ಲ ಎಂದೆ. ಮತ್ತೆ ಏಕೆ ಎಂದರು. ತೂಕ ಎಂಬ ಪದ ಬಾಯಿಗೆ ಬಂತು, ಹೇಳಲು ಆಗಲಿಲ್ಲ. ನಿಮ್ಮ ಮಕ್ಕಳು ಬಂದಿದ್ದರು ಎಂದೆ.

ಅದು ತನಗೆ ಗೊತ್ತು ಎಂದರು. ಆ ಭಾಗ ಬೇಡ ಎಂದು ಕೇಳಿಕೊಳ್ಳಲೆಂದೇ ದೊಡ್ಡವನು ಹೊರಟಿದ್ದ. ವಾಪಸು ಬಂದು, ಕೇಳಲಾಗಲಿಲ್ಲ, ಬು ವೆನಿಂಗ್ ಅಷ್ಟು ಮರ್ಯಾದೆಯಿಂದ ಮಾತಾಡಿಸಿದರು ಎಂದನಂತೆ. ಅದನ್ನು ಕೇಳಿ ತಾನು ನಿಶ್ಚಿಂತೆಯಾಗಿದ್ದೆ ಎಂದರು.

ಆಮೇಲೆ ಉಳಿದದ್ದನ್ನು ಹೇಳಿದರು. ಹರ್ಸೊಯೊ ಅವರು ಹಾಸಿಗೆ ಹಿಡಿದ ಕೊನೆಯ ತಿಂಗಳುಗಳಲ್ಲಿ ತಾವಾಗಿಯೇ ಸಿಗಿತನನ್ನು ಕರೆಸಿದ್ದರು. ಅವನು ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ಕಾಲ ಬಳಿ ಕೂರುತ್ತಿದ್ದ. ಮೊದಲ ಎರಡು ದಿನ ಮುದುಕರು ಬರೀ ಅತ್ತರು, ಮೂರನೆಯ ದಿನ ಹೇಳಿದರು. ಕವಾಟದ ವಿಷಯ, ಹಂಗಾಮು ನಿಲ್ಲಬಾರದೆಂದು ಕೊಟ್ಟ ಆಜ್ಞೆ, ಆಮೇಲೆ ವರದಿಯಲ್ಲಿ ತಪ್ಪನ್ನು ಸತ್ತವನ ತಲೆಗೆ ಕಟ್ಟಿದ್ದು. ಬರಿ, ಆದರೆ ನಾನು ಹೇಳಿದೆ ಎನ್ನಬೇಡ, ನನ್ನ ಮಕ್ಕಳು ಇನ್ನೂ ಈ ಊರಿನಲ್ಲಿ ತಲೆಯೆತ್ತಿ ಓಡಾಡಬೇಕು ಎಂದರಂತೆ. ಇಬು ಮುರ್ತಿನಿ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿದ್ದಾರೆ.

ಹಾಗಾದರೆ ಆಧಾರ ಒಬ್ಬರಲ್ಲ, ಇಬ್ಬರು.

ಸಾವಿರದ ದಿನ ಯಾಸಿನ್ ಜೊತೆಗೆ ಈ ಪುಸ್ತಕವನ್ನೂ ಕೈಗೆ ಕೊಡಬೇಕೆಂದು ಇನ್ನೂರು ಹೇಳಿದ್ದು. ಮುದ್ರಕರು ಒಬ್ಬರೇ ಆದರೆ ಎರಡೂ ಒಟ್ಟಿಗೆ ಬರುತ್ತವೆ ಎಂದು, ಸುಮುರ್‌ನ ಹಳೆಯ ಪುಸ್ತಕವೊಂದರ ಹಿಂದಿನ ಪುಟದಲ್ಲಿ ಮೊಮ್ಮಗಳ ಕೈಯಲ್ಲಿ ಹೆಸರು ಓದಿಸಿ, ಪಾಕ್ ಜುಮೆನೊ ಅವರನ್ನು ಹುಡುಕಿಸಿದರಂತೆ.

ಇಷ್ಟೆಲ್ಲ ಏಕೆ, ಮಕ್ಕಳಿಗೆ ಇಷ್ಟವಿಲ್ಲದ ಮೇಲೆ, ಎಂದೆ.

"ಅವರ ಹೆಣ ಎತ್ತೋ ಮುಂಚೆ ಅಂಗಳದಲ್ಲಿ ಕೇಳಿದ್ರಲ್ಲ, ಎಲ್ಲಾ ಕಡೆ ಕೇಳೋ ಹಾಗೇನೆ. ಈ ಮನುಷ್ಯ ಒಳ್ಳೆಯವನಾಗಿದ್ನಾ ಅಂತ. ಒಳ್ಳೆಯವರು ಅಂದ್ರು ಎಲ್ಲಾರೂ. ಬಾಯ್ಲರ್ ಸಿಡಿದಾಗ ಸತ್ತೋರ ನಾಲ್ಕು ಮನೆಯವರೂ ನಿಂತಿದ್ರು. ಅವರೂ ಅಂದ್ರು. ಸಿಗಿತನ ಅಮ್ಮನೂ ಅಂದ್ಲು, ಎಲ್ಲಾರಿಗಿಂತ ಗಟ್ಟಿಯಾಗಿ." ಲೋಟವನ್ನು ಪಕ್ಕಕ್ಕೆ ಸರಿಸಿದರು. "ಹೆಣದ ಮುಂದೆ ಬೇರೆ ಏನಂತಾರೆ ಹೇಳಿ. ಅವಳಿಗೆ ಗೊತ್ತಿರ್ಲಿಲ್ಲ, ನನಗೆ ಗೊತ್ತಿತ್ತು. ನಾನೂ ಅಂದೆ. ಗೊತ್ತಾದ ಮೇಲೆ ಇನ್ನೊಂದು ಸಲ ಅವಳು ಏನಂತಾಳೋ ಅನ್ಲಿ. ಅಷ್ಟು ಆಗ್ದೆ ಅವರಿಗೆ ಸಾವಿರದ ದಿನ ಮಾಡಿ ಏನ್ ಬಂತು?"

ಎದ್ದು ನಿಂತು ಪರ್ಸು ಸರಿಮಾಡಿಕೊಂಡರು. ಹಣ ವಾಪಸು ಕೇಳುತ್ತಾರೆ ಎಂದುಕೊಂಡೆ. ಕೇಳಲಿಲ್ಲ.

ಭಾನುವಾರ, ಸೆಪ್ಟೆಂಬರ್ 24

ಸಿಗಿತ್ ಎಂದೂ ಒಪ್ಪಿರಲಿಲ್ಲ. ಹೇಳಿದವನು ಅವನೇ.

ಫೋನು ತೆಗೆಯಲಿಲ್ಲವಾದ್ದರಿಂದ ನಾನೇ ಬಸ್ಸಿನಲ್ಲಿ ಕಾಲಿರೆಜೊಗೆ ಹೋದೆ. ಅಂಗಡಿಯಲ್ಲಿ ಯಾರದೋ ಗುರುತಿನ ಚೀಟಿಯ ನಕಲು ತೆಗೆಯುತ್ತಿದ್ದ. ಒಂದು ಪ್ಲಾಸ್ಟಿಕ್ ಸ್ಟೂಲನ್ನು ಅಂಗಿಯಿಂದ ಒರೆಸಿ ಕೊಟ್ಟ. ಇಬು ಮುರ್ತಿನಿ ಬಂದಿದ್ದರು ಎಂದೆ. ಅವನ ಕೈ ಯಂತ್ರದ ಮುಚ್ಚಳದ ಮೇಲೆ ನಿಂತಿತು.

ಬೇಡ ಎಂದು ನೀನು ಅಂದೇ ಹೇಳಬಹುದಿತ್ತು ಎಂದೆ.

"ಹೇಳಿದ್ನಲ್ಲ ಬು. ನಿಮ್ಮಿಷ್ಟ ಅಂದೆ."

ಅದನ್ನು ಕೇಳಿ ಒಪ್ಪಿದೆ ಎಂದುಕೊಂಡೆ ಎಂದೆ.

"ನೀವು ದೊಡ್ಡವರು. ಅಚ್ಚು ಹಾಕ್ತೀನಿ ಅಂದವರು ನೀವೊಬ್ರೇ. ನಿಮ್ಮ ಮುಂದೆ ಬೇರೆ ಹೇಗೆ ಹೇಳ್ಲಿ?"

ಒಬ್ಬ ಗಿರಾಕಿ ಬಂದರು. ಎರಡು ಪುಟದ ನಕಲು. ಅವರು ಹೋದ ಮೇಲೆ, ಅವನ ಅಮ್ಮನಿಗೆ ಪುಸ್ತಕದ ವಿಷಯ ಗೊತ್ತೇ ಎಂದು ಕೇಳಿದೆ. ಪುಸ್ತಕ ಬರುತ್ತದೆ ಎಂದು ಗೊತ್ತು, ಒಳಗೇನಿದೆ ಎಂದು ಗೊತ್ತಿಲ್ಲ ಎಂದ. ಅಪ್ಪನ ಗೋರಿಗೆ ಹೋದಾಗಲೂ ಅಮ್ಮ ಉಳಿದ ಮೂವರ ಗೋರಿಗೆ ಮೊದಲು ಹೂ ಹಾಕುತ್ತಾಳೆ, ಕ್ಷಮೆ ಕೇಳಿದ ಮೇಲೆಯೇ ಅಪ್ಪನ ಹತ್ತಿರ ಬರುತ್ತಾಳೆ, ಎಂದ. ಇಪ್ಪತ್ತು ವರ್ಷ ಮೇಲಾಯಿತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಲಿಲ್ಲ. ವಿದಗ್ದೊ ಅವರ ಕಚೇರಿ ಆ ರಸ್ತೆಯಲ್ಲೇ ಇದೆ.

ಬುಧವಾರ, ಸೆಪ್ಟೆಂಬರ್ 27

ತೆಗೆದುಹಾಕಿದ್ದ ಹದಿನಾರು ಪುಟದ ಫಾರಂ ಇವತ್ತು ಅಚ್ಚಾಯಿತು. ನಾನೇ ಯಂತ್ರದ ಪಕ್ಕ ನಿಂತು ನೋಡಿದೆ.

ಅರವತ್ತು ಪ್ರತಿ ಆಗಲೇ ಬೈಂಡ್ ಆಗಿದ್ದವು. ಇನ್ನೂರು ಪ್ರತಿಗೆ ಮಾತ್ರ ಸೇರಿಸಿ, ಉಳಿದ ಓದುಗರಿಗೆ ಇದ್ದ ಹಾಗೆ ಕಳಿಸೋಣವೇ ಎಂದರು ಪಾಕ್ ಜುಮೆನೊ. ವ್ಯಾಪಾರದ ದೃಷ್ಟಿಯಿಂದ ಸರಿಯಾದ ಸಲಹೆ. ಎಲ್ಲಕ್ಕೂ ಸೇರಿಸಿ, ಅರವತ್ತರ ರಟ್ಟನ್ನೂ ಕಿತ್ತು ಮತ್ತೆ ಕಟ್ಟಿ ಎಂದೆ. ಹೆಚ್ಚಿನ ಕೊರಿಯರ್ ಖರ್ಚು ಸುಮುರ್‌ನದು. ಮುಂದಿನ ಹಾಳೆಗಳ ಸಂಖ್ಯೆ ಆಗಲೇ ಬದಲಾಗಿ ಅಚ್ಚಾಗಿರುವುದರಿಂದ, ಹನ್ನೆರಡನೆಯ ಮತ್ತು ಹದಿಮೂರನೆಯ ಅಧ್ಯಾಯಗಳ ನಡುವೆ ಈಗ ಸಂಖ್ಯೆಯಿಲ್ಲದ, ಪುಟಸಂಖ್ಯೆಯೂ ಇಲ್ಲದ ಒಂದು ಅಧ್ಯಾಯ ಇರುತ್ತದೆ.

"ಓದೋರು ತಪ್ಪು ಅನ್ಕೋತಾರೆ," ಎಂದರು ಪಾಕ್ ಜುಮೆನೊ.

ಅಂದುಕೊಳ್ಳಲಿ ಎಂದೆ.

ಮಧ್ಯಾಹ್ನ ವಿದಗ್ದೊ ಅವರ ಫೋನು ಬಂತು. ಯಂತ್ರದ ಸದ್ದಿನಿಂದ ಹೊರಗೆ ಬಂದು ಮಾತಾಡಿದೆ. ಹವೆ, ಬಾವಿ, ಅಮ್ಮನ ಮಂಡಿ. ಆಮೇಲೆ, ತನ್ನ ತಾಯಿ ಬಂದಿದ್ದರಂತೆ, ಅವರಿಗೆ ವಯಸ್ಸಾಯಿತು, ಏನೇನೋ ಮಾತಾಡುತ್ತಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ತಾವು ಹೇಳುವುದೇನೂ ಇಲ್ಲ, ಎಲ್ಲಾ ನಿಮ್ಮಿಷ್ಟ ಎಂದರು.

"ಬೇಡ ಅಂತ ಹೇಳ್ತಿದ್ದೀರಾ, ಪಾಕ್?" ಎಂದು ಕೇಳಿದೆ.

ಆ ಕಡೆ ಅವರು ಎದ್ದು ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ಬೇಡ," ಎಂದರು. ದನಿ ಬೇರೆಯೇ ಆಗಿತ್ತು. "ನನ್ನ ಮಕ್ಕಳು ಆ ಊರಲ್ಲೇ ಶಾಲೆಗೆ ಹೋಗ್ತಾರೆ ಬು."

ಅರ್ಥವಾಯಿತು, ಆದರೆ ಹಾಳೆ ಯಂತ್ರದ ಮೇಲಿದೆ, ನಿಲ್ಲಿಸುವುದಿಲ್ಲ ಎಂದೆ.

"ಹಾಗಾದ್ರೆ ಕೊರಿಯರಲ್ಲಿ ಕಳಿಸ್ಬೇಡಿ," ಎಂದರು ಅವರು. "ನೀವೇ ತನ್ನಿ. ಎಲ್ಲಾರ ಮುಂದೆ ನಿಮ್ಮ ಕೈಯಾರೆ ಕೊಡಿ. ನಾವು ಬಾಗಿಲಲ್ಲೇ ಇರ್ತೀವಿ."

ಬಂದವರನ್ನು ಸ್ವಾಗತಿಸಲು ಗಂಡುಮಕ್ಕಳು ಬಾಗಿಲಲ್ಲಿ ನಿಲ್ಲುವುದು ವಾಡಿಕೆ. ಅವರು ಆ ಅರ್ಥದಲ್ಲಿ ಹೇಳಿದರೋ ಬೇರೆ ಅರ್ಥದಲ್ಲೋ ಕೇಳಬೇಕಿತ್ತು. ಅಷ್ಟರಲ್ಲಿ ಫೋನು ಇಟ್ಟಿದ್ದರು.

ಶುಕ್ರವಾರ, ಸೆಪ್ಟೆಂಬರ್ 29

ಇನ್ನೂರು ಪ್ರತಿಗಳು ಬೈಂಡ್ ಆಗಿ ಮನೆಗೆ ಬಂದಿವೆ. ತಂದವರು ಪಾಕ್ ಜುಮೆನೊ, ಯಾಸಿನ್‌ಗಳ ಜೊತೆಗೆ, ಒಂದೇ ಅಳತೆಯ ಡಬ್ಬಗಳಲ್ಲಿ. ಒಂದೊಂದು ಡಬ್ಬದಿಂದ ಒಂದೊಂದು ಪ್ರತಿ ತೆಗೆದು ಆ ಫಾರಂ ಸರಿಯಾದ ಜಾಗದಲ್ಲಿದೆಯೇ ನೋಡಿದೆ. ಇದೆ. ಅಂಟಿನ ವಾಸನೆ ಇನ್ನೂ ಹೋಗಿಲ್ಲ.

ನೀವು ಜೊತೆಗೆ ಬರುತ್ತೀರಾ ಎಂದು ಪ್ರಿಹ್‌ರನ್ನು ಕೇಳಿದೆ. ಬರುತ್ತೇನೆ, ಡಬ್ಬ ಇಳಿಸಲು ಜನ ಬೇಕಲ್ಲ ಎಂದರು. ಸ್ವಲ್ಪ ಹೊತ್ತಾದ ಮೇಲೆ, ಹೆದರಿಕೆಯಾಗುತ್ತಿದೆಯೇ ಎಂದರು. ಹೌದು ಎಂದೆ. ನನಗೂ, ಎಂದರು.

ಸಿಗಿತ್ ಅಮ್ಮನನ್ನು ಕರೆದುಕೊಂಡು ಬರುತ್ತಾನೆ. ಒಳಗೇನಿದೆ ಎಂದು ಅವರಿಗೆ ಇನ್ನೂ ಹೇಳಿಲ್ಲವಂತೆ.

ನಾಳೆ ಮಧ್ಯಾಹ್ನ ಮೂರಕ್ಕೆ ವ್ಯಾನು ಬರುತ್ತದೆ. ಪ್ರಾರ್ಥನೆ ಶುರುವಾಗುವುದು ರಾತ್ರಿಯ ಇಶಾ ನಮಾಜಿನ ನಂತರ. ಅದು ಮುಗಿದ ಮೇಲೆ, ಊಟದ ಪೊಟ್ಟಣ ಹಂಚುವ ಮೊದಲು, ಪುಸ್ತಕ ಕೊಡುವುದು. ಮೊದಲ ನಾಲ್ಕು ಪ್ರತಿ ಆ ನಾಲ್ಕು ಮನೆಯವರಿಗೆ. ಕೊಡುವವಳು ನಾನು.